ಕಾಯಿಲೆಗೆ ಕಾರಣ ನಾನಾ?

ಕಳೆದ ಸಂಚಿಕೆಯಲ್ಲಿ ಚಿಂತಾಮಣಿ ತಾಲ್ಲೂಕಿನ ಮಾಜಿ ಹವಾಲ್ದಾರರೊಬ್ಬರ ಪತ್ರ ಪ್ರಕಟವಾಗಿತ್ತು. ತೋಪಖಾನೆಯಲ್ಲಿ 24 ವರ್ಷದ ಅವಧಿ ಮುಗಿಸಿ 2021ರಲ್ಲಿ ಊರಿಗೆ ಬಂದವರು. ಬಿಡುಗಡೆಯ ಮುನ್ನ ಕೂತ ಮೆಡಿಕಲ್ ಬೋರ್ಡು ಬಿ.ಪಿ.ಗೆ ಶೇ 30, ಸೊಂಟದ ಡಿಸ್ಕಿಗೆ ಶೇ 20, ಒಟ್ಟಾರೆ (ನೇರ ಕೂಡಿಕೆಯಲ್ಲ) ಶೇ 40 ವೈಕಲ್ಯ ಎಂದು ಬರೆದು, ಎರಡೂ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಷರಾ ಹಾಕಿದೆ. ಡಿಸೆಬಿಲಿಟಿ ಪಿಂಚಣಿಯ ಅರ್ಜಿ ತಿರಸ್ಕೃತವಾಯಿತು. ಮೊದಲ ಮೇಲ್ಮನವಿಯೂ ತಿರಸ್ಕೃತವಾಗಿ ಈಗ ಮೂರು ತಿಂಗಳು. ಎರಡನೇ ಮೇಲ್ಮನವಿ ಹಾಕುವುದೋ, ನೇರ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುವುದೋ, ಅಣ್ಣ ಹೇಳಿದಂತೆ ಕೈಬಿಡುವುದೋ ಎಂದು ಕೇಳಿದ್ದರು. ಬಾಕಿ ಹಣದಲ್ಲಿ ಕಾಲುಪಾಲು ಕೊಟ್ಟರೆ ಕೇಸು ನಡೆಸಿಕೊಡುತ್ತೇನೆ ಎನ್ನುವ ವಕೀಲರೊಬ್ಬರೂ ಸಿಕ್ಕಿದ್ದಾರಂತೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. — ಸಂ.

*

ಮೂರು ತಿಂಗಳು ಸುಮ್ಮನೆ ಕೂತು ಪತ್ರಿಕೆಗೆ ಬರೆದಿದ್ದೀರಿ. ತಿರಸ್ಕಾರದ ಕಾಗದದ ಕೊನೆಯ ಪ್ಯಾರಾ ಓದಿ. ಎರಡನೇ ಮೇಲ್ಮನವಿಗೆ ಆರು ತಿಂಗಳು. ಅರ್ಧ ಹೋಯಿತು.

— ನಿವೃತ್ತ ಸುಬೇದಾರ್, ಮಾಲೂರು

*

ಮಾತು ಒರಟಾದರೂ ಲೆಕ್ಕ ಸರಿಯಿದೆ. ಮುಂದಿನ ಪತ್ರ ಉದ್ದವಾಗಿದೆ. ಕತ್ತರಿಸಲು ಕೂತೆವು, ಮನಸ್ಸು ಬರಲಿಲ್ಲ. — ಸಂ.

*

ನಿಮ್ಮ ಪತ್ರ ಓದಿದ ರಾತ್ರಿ ಟ್ರಂಕು ತೆಗೆದು ಹಳೆ ಫೈಲು ಹರವಿಕೊಂಡು ಕೂತೆ. ಅದರ ಕತೆ ಇಲ್ಲಿ ಬೇಡ. ಕೆಲಸಕ್ಕೆ ಬರುವುದನ್ನಷ್ಟೇ ಬರೆಯುತ್ತೇನೆ.

ಬೋರ್ಡಿನ ಷರಾವನ್ನು ಫೌಜಿನಲ್ಲಿ ಎಲ್ಲರೂ ‘ನಾನಾ’ ಅಂತಲೇ ಕರೆಯುವುದು. ‘ಬಂದದ್ದೂ ಅಲ್ಲ, ಹೆಚ್ಚಾದದ್ದೂ ಅಲ್ಲ’ ಅನ್ನುವುದರ ಇಂಗ್ಲಿಷಿನ ನಾಲ್ಕು ಮೊದಲಕ್ಷರ (NANA) ಸೇರಿ ಆದ ಪದ. ಆದರೆ ಕನ್ನಡದವನ ಕಿವಿಗೆ ಅದು ಬೇರೆಯೇ ಕೇಳುತ್ತದೆ. ಇಪ್ಪತ್ತನಾಲ್ಕು ವರ್ಷ ದುಡಿಸಿಕೊಂಡು, ಕೊನೆಯಲ್ಲಿ ಕಾಯಿಲೆಗೆ ಕಾರಣ ಯಾರು ಅಂದರೆ ನಮ್ಮ ಬಾಯಿಂದಲೇ ‘ನಾನಾ?’ ಅನ್ನಿಸುತ್ತಾರೆ. ಇರಲಿ.

ಮೊದಲು ಬೋರ್ಡಿನ ಪೂರ್ತಿ ನಡಾವಳಿ ಕೈಗೆ ಬರಬೇಕು. ಎಎಫ್‌ಎಂಎಸ್‌ಎಫ್-16 ಅಂತ ಫಾರಂ. ನಿಮ್ಮ ಬಳಿ ಇರುವುದು ಬಹುಶಃ ಕೊನೆಯ ಪುಟದ ಮಸುಕು ಜೆರಾಕ್ಸು. ಹೆಚ್ಚಿನವರ ಬಳಿ ಅಷ್ಟೇ ಇರುತ್ತದೆ. ನಾಸಿಕ್‌ ರೋಡಿನ, ತೋಪಖಾನೆಯವರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಾದ ಆರ್ಟಿಲರಿ ರೆಕಾರ್ಡ್ಸ್‌ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ‘ಬೋರ್ಡಿನ ವರದಿ ಕೊಡಿ’ ಅಂತ ಒಂದೇ ಸಾಲು ಬರೆದರೆ ಮತ್ತೆ ಅದೇ ಕೊನೆಯ ಪುಟ ಬರುತ್ತದೆ. ಹೀಗೆ ಬರೆಯಿರಿ: ಬಿಡುಗಡೆ ಬೋರ್ಡಿನ ಎಲ್ಲ ಪುಟ, ಎಲ್ಲ ಲಗತ್ತು, ವೈದ್ಯಕೀಯ ಕೆಟಗರಿ ಇಳಿಸಿದಾಗಿನಿಂದ ನಡೆದ ಪ್ರತಿ ಬೋರ್ಡಿನ ಎಎಫ್‌ಎಂಎಸ್‌ಎಫ್-15, ತಜ್ಞ ವೈದ್ಯರ ಅಭಿಪ್ರಾಯ, ಭರ್ತಿಯ ವೇಳೆಯ ವೈದ್ಯಕೀಯ ತಪಾಸಣೆಯ ಪ್ರತಿ. 30 ದಿನದಲ್ಲಿ ಬಾರದಿದ್ದರೆ ಮುಂದಿನ 30 ದಿನದೊಳಗೆ ಅಲ್ಲೇ ಮೇಲಿನ ಅಧಿಕಾರಿಗೆ ಮೇಲ್ಮನವಿ.

ಕಾಗದ ಬಂದ ಮೇಲೆ ಮೂರು ಕಡೆ ಕೆಂಪು ಗೆರೆ ಎಳೆಯಿರಿ. ಒಂದು, ಶುರುವಿನಲ್ಲಿ ನೀವು ಸೇವೆ ಮಾಡಿದ ಜಾಗಗಳ ಪಟ್ಟಿ. ಪ್ರತಿ ಜಾಗದ ಮುಂದೆ ಪೀಸ್ (ಶಾಂತ ಠಾಣೆ) ಆದರೆ ‘ಪಿ’, ಫೀಲ್ಡ್ (ಗಡಿ, ಕಾರ್ಯಾಚರಣೆಯ ಪ್ರದೇಶ) ಆದರೆ ‘ಎಫ್’ ಅಂತ ಇರುತ್ತದೆ. ಎತ್ತರದ ಪ್ರದೇಶದಿಂದ ಪೀಸ್ ಸ್ಟೇಷನ್ನಿಗೆ ಬಂದ ಐದನೇ ತಿಂಗಳಲ್ಲಿ ಬಿ.ಪಿ. ಪತ್ತೆಯಾಯಿತು ಅಂತ ನೀವೇ ಬರೆದಿದ್ದೀರಿ. ಬೋರ್ಡಿನ ಕಾರಣ ಒಂದೇ ಸಾಲು ಇರುತ್ತದೆ: ‘ಪೀಸ್ ಸ್ಟೇಷನ್ನಿನಲ್ಲಿ ಶುರುವಾಯಿತು.’ ಪತ್ತೆಯಾದ ದಿನವನ್ನು ಶುರುವಾದ ದಿನ ಅಂತ ಓದುವುದೇ ಇಲ್ಲಿನ ತಪ್ಪು. ಬಿ.ಪಿ. ಸದ್ದು ಮಾಡದೆ ಬರುವ ಕಾಯಿಲೆ. ಯಂತ್ರ ಕಟ್ಟಿದ ದಿನ ಗೊತ್ತಾಗುತ್ತದೆ ಅಷ್ಟೆ. ಫೀಲ್ಡಿನಲ್ಲಿ, ಅತಿ ಎತ್ತರದಲ್ಲಿ ಸೇವೆಯಲ್ಲಿದ್ದಾಗ ಶುರುವಾದ ಬಿ.ಪಿ.ಯನ್ನು ಸೇವೆಯಿಂದ ಹೆಚ್ಚಾದದ್ದು ಅಂತ ಪರಿಗಣಿಸಲು ಸೇನೆಯ ವೈದ್ಯರ ಕೈಪಿಡಿಯಲ್ಲೇ ಜಾಗವಿದೆ. ‘ಎಫ್’ ಇರುವ ಸಾಲಿನ ಕೊನೆಯ ದಿನಾಂಕ, ಬಿ.ಪಿ. ಪತ್ತೆಯಾದ ದಿನಾಂಕ ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿ.

ಎರಡು, ‘ಈ ಕಾಯಿಲೆ ಸೇವೆಗೆ ಸೇರುವ ಮೊದಲೇ ಇತ್ತೇ?’ ಅನ್ನುವ ಪ್ರಶ್ನೆ. ಅದಕ್ಕೆ ಬೋರ್ಡೇ ‘ಇಲ್ಲ’ ಅಂತ ಬರೆದಿರುತ್ತದೆ. ಆ ‘ಇಲ್ಲ’ ಚಿನ್ನ. ಧರ್ಮವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಭರ್ತಿಯ ವೇಳೆ ಕಾಯಿಲೆ ದಾಖಲಾಗಿಲ್ಲದಿದ್ದರೆ ಆಳು ಗಟ್ಟಿಯಾಗಿದ್ದ ಅಂತಲೇ ತಿಳಿಯಬೇಕು, ಅಲ್ಲ ಅನ್ನುವವರು ಕಾರಣ ಕೊಟ್ಟು ತೋರಿಸಬೇಕು.

ಮೂರು, ನಿಮ್ಮ ಕಮಾಂಡಿಂಗ್ ಆಫೀಸರ್ ತುಂಬಿದ ಭಾಗ. ಕೆಲಸದಲ್ಲಿ ವಿಶೇಷ ಒತ್ತಡ, ಶ್ರಮ ಇತ್ತೇ ಅಂತ ಕೇಳಿರುತ್ತದೆ. ಸೊಂಟದ ವಿಷಯಕ್ಕೆ ಇದು ಬೇಕು. 155 ಎಂ.ಎಂ. ತೋಪಿನ ಒಂದು ಗುಂಡು 40 ಕೆ.ಜಿ.ಗೂ ಹೆಚ್ಚು. ನೀವು ತೋಪಿನ ಮೇಲೆ ಎಷ್ಟು ವರ್ಷ, ಆಫೀಸಿನಲ್ಲಿ ಎಷ್ಟು ವರ್ಷ ಇದ್ದಿರಿ ಅಂತ ಲೆಕ್ಕ ಕೊಡಿ. ‘ಕಷ್ಟದ ಕೆಲಸ ಮಾಡಿದ್ದೇನೆ’ ಅಂದರೆ ಯಾರೂ ಓದುವುದಿಲ್ಲ.

ಇನ್ನೊಂದು ಮಾತು. ಮೇಲ್ಮನವಿಯಲ್ಲಿ ‘ಸೇನೆಯಿಂದಲೇ ಬಿ.ಪಿ. ಬಂತು’ ಅಂತ ಜಗಳ ತೆಗೆಯಬೇಡಿ. ‘ಬಂದದ್ದು’ ಬೇರೆ, ‘ಹೆಚ್ಚಾದದ್ದು’ ಬೇರೆ. ಎರಡರಲ್ಲಿ ಒಂದು ಸಾಬೀತಾದರೂ ಪಿಂಚಣಿ ಸಿಗುತ್ತದೆ. ಬಿ.ಪಿ.ಗೆ ಎರಡನೆಯದೇ ಹಗುರ. ಇದನ್ನು ಗಮನಿಸದೆ ಎಷ್ಟೋ ಜನ ಮೊದಲನೆಯದಕ್ಕೇ ತಲೆ ಚಚ್ಚಿಕೊಳ್ಳುತ್ತಾರೆ.

— ಹೆಸರು ಬೇಡ, ಪಾವಗಡ

*

ಪಾವಗಡದವರು ಧರ್ಮವೀರ್ ಸಿಂಗ್ ತೀರ್ಪು ಬರೆದಿರಬಹುದು ಎಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಎಲ್ಲರೂ ಬರೆಯುವುದು ಅದನ್ನೇ. ಆ ತೀರ್ಪು ಡಿಸೆಬಿಲಿಟಿ ಪಿಂಚಣಿಯ ಅರ್ಹತೆ ಹೇಳುವ 1982ರ ನಿಯಮಗಳ ಮೇಲೆ ಬಂದದ್ದು. ನೀವು ಬಿಡುಗಡೆಯಾದದ್ದು 2021ರಲ್ಲಿ, ನಿಮಗೆ 2008ರ ನಿಯಮ. ಸರ್ಕಾರದ ಕಡೆಯವರು ಇದನ್ನು ಎತ್ತಿಯೇ ಎತ್ತುತ್ತಾರೆ. ಅದಕ್ಕೇ 2008ರ 7ನೇ ನಿಯಮವನ್ನೂ ಜತೆಗೆ ಬರೆಯಿರಿ: ಸಾಮಾನ್ಯವಾಗಿ ಅರ್ಜಿದಾರನಿಂದ ಪುರಾವೆ ಕೇಳುವಂತಿಲ್ಲ, ಬಿಡುಗಡೆಯಾಗಿ 15 ವರ್ಷ ಕಳೆದ ಮೇಲೆ ಅರ್ಜಿ ಹಾಕಿದರೆ ಮಾತ್ರ ಹೊರೆ ಅವನ ಮೇಲೆ. ನೀವು 15 ವರ್ಷದ ಒಳಗಿದ್ದೀರಿ. 2023ರ ಸೆಪ್ಟೆಂಬರ್ 21ರಿಂದ ಇನ್ನೊಂದು ಹೊಸ ನಿಯಮ ಬಂದಿದೆ; ಯಾರಾದರೂ ಅದರ ಪ್ರಕಾರ ಅರ್ಜಿ ಬರೆದುಕೊಟ್ಟರೆ ತೆಗೆದುಕೊಳ್ಳಬೇಡಿ.

— ರೆಕಾರ್ಡ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದವರು, ತಿಪಟೂರು

*

ನಿಮ್ಮ ಅಣ್ಣನವರಿಗೆ ಈ ಲೆಕ್ಕ ತೋರಿಸಿ. ಶೇ 100 ವೈಕಲ್ಯಕ್ಕೆ ಡಿಸೆಬಿಲಿಟಿ ಭಾಗ ಕೊನೆಯ ಸಂಬಳದ ಶೇ 30. ಸಂಬಳ 50,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ 100ಕ್ಕೆ 15,000. ಶೇ 40ಕ್ಕೆ 6,000. ಆದರೆ ಶೇ 50ಕ್ಕಿಂತ ಕೆಳಗಿನದನ್ನು ಶೇ 50 ಎಂದೇ ಎಣಿಸಬೇಕು, ಹಾಗಾಗಿ 7,500. ಅದರ ಮೇಲೆ ತುಟ್ಟಿಭತ್ಯೆ. ಈಗ ಬರುತ್ತಿರುವ ಸೇವಾ ಪಿಂಚಣಿಯ ಜತೆಗೆ ಇದು, ಬದಲಿಗೆ ಅಲ್ಲ.

ಈ ಲೆಕ್ಕದಲ್ಲೇ ಒಂದು ಯುಕ್ತಿ ಅಡಗಿದೆ. ಶೇ 20 ಆದರೂ 50, 30 ಆದರೂ 50, 40 ಆದರೂ 50. ಅಂದರೆ ನೀವು ಎರಡೂ ಕಾಯಿಲೆಯಲ್ಲಿ ಗೆಲ್ಲಬೇಕಾಗಿಯೇ ಇಲ್ಲ. ಒಂದು ನಿಂತರೆ ಸಾಕು, ಹಣ ಅಷ್ಟೇ. ದಾಖಲೆ ಯಾವುದರದ್ದು ಗಟ್ಟಿಯಿದೆಯೋ ಅದನ್ನು ಮೊದಲು ಹಾಕಿ, ಇನ್ನೊಂದನ್ನು ಎರಡು ಪ್ಯಾರಾದಲ್ಲಿ ಮುಗಿಸಿ.

ಅವಧಿ ಮುಗಿಸಿ ಬಂದವರಿಗೆ ಈ ಏರಿಕೆ ಇಲ್ಲ, ಅರ್ಧಕ್ಕೆ ಮನೆಗೆ ಕಳಿಸಿದವರಿಗೆ ಮಾತ್ರ ಎಂದು ಈಗಲೂ ಹೇಳುವವರಿದ್ದಾರೆ. ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ಆ ಮಾತನ್ನು ಮುಗಿಸಿದೆ. ಆದರೂ ಕೋರಿಕೆಯಲ್ಲಿ ಬಾಯಿಬಿಟ್ಟು ಕೇಳಿ. ಶೇ 40 ಎಂದಷ್ಟೇ ಕೇಳಿದವರಿಗೆ ಶೇ 40 ಮಂಜೂರಾಗಿ, ಉಳಿದ 10ಕ್ಕೆ ಇನ್ನೊಂದು ಸುತ್ತು ಅಲೆಯುವ ಪಾಡು ಬರಬಹುದು.

— ನಿವೃತ್ತ ಬ್ಯಾಂಕ್ ಪಿಂಚಣಿ ವಿಭಾಗ, ಮುಳಬಾಗಿಲು

*

ಎರಡನೇ ಮೇಲ್ಮನವಿ ದಂಡ. ಅದೇ ಬೋರ್ಡಿನ ಕಾಗದವನ್ನು ಇನ್ನೊಬ್ಬ ವೈದ್ಯಾಧಿಕಾರಿ ಓದಿ ಅದೇ ಸಾಲು ಬರೆಯುತ್ತಾರೆ. ನೇರ ಕೊಚ್ಚಿಗೆ ಹೋಗಿ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೇ ಕರ್ನಾಟಕ ಸೇರುವುದು, ಚೆನ್ನೈಗೆ ಅಲ್ಲ. ನಿವೃತ್ತರು ತಾವು ವಾಸವಿರುವ ಜಾಗದ ಪೀಠದಲ್ಲೇ ಅರ್ಜಿ ಹಾಕಬಹುದು; ನಾಸಿಕ್, ದೆಹಲಿ ಅಂತ ಓಡಬೇಕಾಗಿಲ್ಲ. ಸ್ವತಃ ವಾದಿಸಲೂ ಅಡ್ಡಿಯಿಲ್ಲ.

— ಮಾಜಿ ಸೈನಿಕ, ಕೆ.ಜಿ.ಎಫ್.

*

ಈ ಅಸಹನೆ ಅರ್ಥವಾಗುವಂಥದ್ದೇ. ಆದರೆ ನ್ಯಾಯಮಂಡಳಿಯ ಕಾಯ್ದೆಯ 21ನೇ ಕಲಮು, ಇರುವ ಇತರ ದಾರಿಗಳನ್ನು ಬಳಸದೆ ಬಂದ ಅರ್ಜಿಯನ್ನು ‘ಸಾಮಾನ್ಯವಾಗಿ’ ಒಪ್ಪುವುದಿಲ್ಲ ಎನ್ನುತ್ತದೆ. ಆ ‘ಸಾಮಾನ್ಯವಾಗಿ’ಯ ಮೇಲೆ ಭಾರ ಹಾಕುವ ಮೊದಲು ಮುಂದಿನ ಪತ್ರ ಓದಬಹುದು. — ಸಂ.

*

ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆಯೇ ಅಲ್ಲ ಇದು. ಎರಡನೇ ಮೇಲ್ಮನವಿಯನ್ನು ಈ ತಿಂಗಳೇ ಕಳಿಸಿ, ರೆಕಾರ್ಡ್ ಆಫೀಸಿನ ಮೂಲಕ. ಮಾಹಿತಿ ಹಕ್ಕಿನ ಉತ್ತರ ಬರಲಿ ಎಂದು ಕಾದು ಗಡುವು ತಪ್ಪಿಸಿಕೊಳ್ಳಬೇಡಿ; ಇರುವ ಕಾಗದದ ಮೇಲೆ ಬರೆದು, ‘ಹೆಚ್ಚಿನ ದಾಖಲೆ ಬಂದ ಮೇಲೆ ಸಲ್ಲಿಸುತ್ತೇನೆ’ ಎಂಬ ಸಾಲು ಸೇರಿಸಿ. ಅದು ಮುಟ್ಟಿದ ದಿನದಿಂದ ಆರು ತಿಂಗಳು ಎಣಿಸಿ. ಉತ್ತರ ಬಂದು ತಿರಸ್ಕಾರವಾದರೆ ಆ ದಿನದಿಂದ, ಉತ್ತರವೇ ಬಾರದಿದ್ದರೆ ಆರು ತಿಂಗಳು ತುಂಬಿದ ದಿನದಿಂದ, ಮತ್ತೆ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ. ಅವರು ಸುಮ್ಮನಿದ್ದರೂ ನಿಮ್ಮ ದಾರಿ ತೆರೆದುಕೊಳ್ಳುತ್ತದೆ ಎಂಬುದು ಇದರ ಗುಣ. ಸಾಮಾನ್ಯವಾಗಿ ಎಡವುವುದು ಇಲ್ಲೇ: ಉತ್ತರ ಬಂದೀತು ಎಂದು ಎರಡು ವರ್ಷ ಕಾಯುತ್ತಾರೆ.

ಮುಟ್ಟಿದ ದಿನಕ್ಕೆ ಪುರಾವೆ ಬೇಕು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ದಾಖಲೆ ಕೇಳಿ. ಕೌಂಟರಿನ ರಸೀದಿಯನ್ನು ಅಂದೇ ಜೆರಾಕ್ಸ್ ಮಾಡಿಸಿ, ಆ ಕಾಗದದ ಅಕ್ಷರ ಒಂದು ಬೇಸಿಗೆಗೆ ಅಳಿಸಿಹೋಗುತ್ತದೆ.

ತಡವಾದರೆ ಹಕ್ಕು ಸಾಯುವುದಿಲ್ಲ, ಪಿಂಚಣಿ ತಿಂಗಳು ತಿಂಗಳೂ ಹುಟ್ಟುವ ಹಕ್ಕು. ಆದರೆ ಬಾಕಿಯನ್ನು ಅರ್ಜಿಯ ಹಿಂದಿನ ಮೂರು ವರ್ಷಕ್ಕೆ ಕತ್ತರಿಸಿ ಎಂದು ಸರ್ಕಾರ 2008ರ ತರ್ಸೇಮ್ ಸಿಂಗ್ ತೀರ್ಪನ್ನು ಮುಂದಿಡುತ್ತದೆ.

ವಕೀಲರ ಕಾಲುಪಾಲಿನ ವಿಷಯ: ಗೆದ್ದ ಹಣದಲ್ಲಿ ಪಾಲು ಮಾತಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಫೀಸು ಇಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಫೀಸು ಕೊಡಲಾಗದಿದ್ದರೆ ಚಿಕ್ಕಬಳ್ಳಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಉಚಿತ ನೆರವಿಗೆ ಅರ್ಹರೇ ಎಂದು ಕೇಳಿ.

— ವಕೀಲೆ, ತುಮಕೂರು

*

ಖಾಸಗಿ ಆಸ್ಪತ್ರೆಯಲ್ಲಿ ಹೊಸ ಎಂಆರ್‌ಐ ಮಾಡಿಸಿ ಲಗತ್ತಿಸಬೇಕೆಂದಿದ್ದೀರಿ. ಬೇಡ. ಈಗ ಡಿಸ್ಕ್ ಹೇಗಿದೆ ಎಂಬುದು ಇಲ್ಲಿ ಪ್ರಶ್ನೆಯಲ್ಲ, ಸೇವೆಯಲ್ಲಿದ್ದಾಗ ಹೇಗಾಯಿತು ಎಂಬುದು ಪ್ರಶ್ನೆ. ಇವತ್ತಿನ ಸ್ಕ್ಯಾನ್ ನೋಡಿದವರು ‘ವಯಸ್ಸಿನ ಸವೆತ’ ಎಂದು ಬರೆದುಬಿಟ್ಟರೆ ಅದು ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಮೊದಲ ಬಾರಿ ಸೊಂಟ ಹಿಡಿದು ಮಿಲಿಟರಿ ಆಸ್ಪತ್ರೆಗೆ ಸೇರಿದಾಗಿನ ಕೇಸ್ ಶೀಟು ಹತ್ತು ಎಂಆರ್‌ಐಗೆ ಸಮ.

ಮಾತ್ರೆ ಮಾತ್ರ ಬಿಡಬೇಡಿ. ಕೇಸಿಗಾಗಿ ಬಿ.ಪಿ. ಏರಿಸಿಕೊಂಡು ಕೂರುವವರನ್ನು ನೋಡಿದ್ದೇವೆ.

— ವೈದ್ಯರು, ಗೌರಿಬಿದನೂರು

*

ಅಣ್ಣಾ, ನೀವು ಕೇಳಿದ್ದು ಇದಲ್ಲ. ಆದರೂ ಹೇಳುತ್ತೇನೆ. ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಅತ್ತಿಗೆಯವರ ಹೆಸರು, ಜನ್ಮ ದಿನಾಂಕ ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ನೋಡಿ. ಮದುವೆಯಾದಾಗ ಯೂನಿಟ್ಟಿನಲ್ಲಿ ಬರೆಸಿದ ಪಾರ್ಟ್-2 ಆರ್ಡರಿನಲ್ಲಿ (ಸೈನಿಕನ ಕುಟುಂಬದ ವಿವರ ದಾಖಲಿಸುವ ಕಾಗದ) ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮೀದೇವಮ್ಮ’ ಅಂತಿದ್ದರೆ, ನೀವಿರುವಾಗ ಅದು ಒಂದು ಅರ್ಜಿಯ ಕೆಲಸ, ನೀವಿಲ್ಲದಾಗ ವರ್ಷಗಳ ಕೆಲಸ. ಪಿಂಚಣಿಯ ವೆಬ್‌ಸೈಟಾದ ಸ್ಪರ್ಶ್ ಲಾಗಿನ್ನಿನ ಪಾಸ್‌ವರ್ಡೂ ಅವರಿಗೆ ಗೊತ್ತಿರಲಿ. ಗಂಡಸರು ಮೇಲ್ಮನವಿಯ ಫೈಲು ದಪ್ಪ ಮಾಡುತ್ತಾರೆ, ಈ ಒಂದು ಹಾಳೆ ನೋಡುವುದಿಲ್ಲ.

— ಸೈನಿಕರ ಪತ್ನಿ, ಶಿಡ್ಲಘಟ್ಟ

*

ಈ ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಚಿಂತಾಮಣಿಯಿಂದ ಒಂದು ಕಾರ್ಡು ಬಂತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೊಂಡಾಗಿದೆ, ಅದರ ಮೇಲೆ ಯಾರ ಹೆಸರು ಬರೆಯಬೇಕು ಎಂದು ಕೇಳಿದ್ದಾರೆ. ‘ಅಕೌಂಟ್ಸ್ ಆಫೀಸರ್’ ಎಂದು ಬರೆದು ಕೆಳಗೆ ರೆಕಾರ್ಡ್ ಆಫೀಸಿನ ಹೆಸರು ಹಾಕಿ. ನಂಬರನ್ನು ಅರ್ಜಿಯಲ್ಲೂ ಬರೆದುಕೊಳ್ಳಿ. — ಸಂ.