ಅಪ್‌ಡೇಟ್: ಹೈಬ್ರಿಡ್ ಕಾರು ಕೊಂಡು ಎಂಟು ತಿಂಗಳಾಯ್ತು, ಮೈಲೇಜ್ ಲೆಕ್ಕ ಇಲ್ಲಿದೆ

ದಿನಾ ಆಫೀಸಿಗೆ ಓಡಾಡೋಕೆ ಮಾರುತಿ ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗೆ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರೋ ಕಾರು) ಪೆಟ್ರೋಲ್ ಮಾಡೆಲ್‌ಗಿಂತ ಅಷ್ಟು ಜಾಸ್ತಿ ದುಡ್ಡು ಕೊಡಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಕೊನೆಗೆ ಕೊಂಡೆ. ಈಗ 9,400 ಕಿ.ಮೀ. ಆಗಿದೆ. ಕಂಪನಿ ಹೇಳೋದು ಲೀಟರಿಗೆ 27.97 ಕಿ.ಮೀ. ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕಿದರೆ ನನಗೆ ಬೆಂಗಳೂರಿನೊಳಗೆ 23ರಿಂದ 24 ಸಿಗುತ್ತಿದೆ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಎಂಜಿನ್ ಆಫ್ ಆಗಿ ಬ್ಯಾಟರಿಯಲ್ಲೇ ಸದ್ದಿಲ್ಲದೆ ತೆವಳುತ್ತೆ, ಎಸಿ ನಿಲ್ಲೋದಿಲ್ಲ, ಸಂಜೆ ಮನೆಗೆ ಬಂದಾಗ ಮೊದಲಿನಷ್ಟು ಸುಸ್ತು ಅನ್ನಿಸೋದಿಲ್ಲ, ನನಗೆ ಮೈಲೇಜಿಗಿಂತ ಇದೇ ದೊಡ್ಡದು. ಹೈವೇಯಲ್ಲಿ ವೇಗ 100 ದಾಟಿದರೆ ಮೈಲೇಜ್ 19ಕ್ಕೆ ಇಳಿಯುತ್ತೆ, ಅಲ್ಲಿ ಎಂಜಿನ್ನೇ ಜಾಸ್ತಿ ಹೊತ್ತು ಓಡಬೇಕಲ್ಲ. ಶಿರಾಡಿ ಘಾಟಿ ಇಳಿಯುವಾಗ ‘ಬಿ’ ಮೋಡಿಗೆ (ಇಳಿಜಾರಲ್ಲಿ ವೇಗ ತಡೆದು, ಆ ಶಕ್ತಿಯಿಂದ ಬ್ಯಾಟರಿ ಚಾರ್ಜ್ ಮಾಡೋದು) ಹಾಕಿದೆ. ಗುಂಡ್ಯ ಬರುವಷ್ಟರಲ್ಲಿ ಬ್ಯಾಟರಿ ಗೆರೆಗಳೆಲ್ಲ ತುಂಬಿದ್ದವು, ಅಪ್ಪ ದಾರಿಯುದ್ದಕ್ಕೂ ಅದನ್ನೇ ನೋಡುತ್ತಾ ಕೂತಿದ್ದರು. ಓಡಾಟ ಕಡಿಮೆ ಇರೋರು ಸುಮ್ನೆ ಪೆಟ್ರೋಲ್ ಮಾಡೆಲ್ಲೇ ಕೊಳ್ಳಿ.