ಓಮ್ನಿ: 55 ಮುಟ್ಟಿದರೆ ಕಾಲಡಿ ನಡುಕ, ಹಿಂದಿನಿಂದ ಗುಂಯ್ ಸದ್ದು

ಕಲಬುರಗಿಯಿಂದ, ಪ್ರಶ್ನೆ:
ನಮಸ್ಕಾರ. ನನ್ನದು 2006ರ ಮಾರುತಿ ಓಮ್ನಿ ವ್ಯಾನ್. ಗಂಜ್ ಮಾರುಕಟ್ಟೆಯಿಂದ ಅಂಗಡಿಗೆ ತೊಗರಿಬೇಳೆ ಚೀಲ ತರುವುದೇ ಅದರ ಕೆಲಸ. ಹದಿನೈದು ದಿನಗಳಿಂದ ಜೇವರ್ಗಿ ರಸ್ತೆಯಲ್ಲಿ ವೇಗ 55 ಮುಟ್ಟುತ್ತಿದ್ದಂತೆ ಕಾಲಡಿಯ ತಗಡು ನಡುಗುತ್ತದೆ, ಸ್ಟೀರಿಂಗ್ ಕೂಡ ಸ್ವಲ್ಪ ಅದುರುತ್ತದೆ, ಹಿಂದಿನಿಂದ ಗುಂಯ್ ಎಂಬ ಸದ್ದು. ಗಾಡಿ ಹೊರಡುವಾಗ ಒಮ್ಮೆ ಟಕ್ ಎನ್ನುತ್ತದೆ. ಒಬ್ಬರು ಇಂಜಿನ್ ಮೌಂಟಿಂಗ್ ಎಂದರು, ಹಾಕಿಸಿದೆ. ಇನ್ನೊಬ್ಬರು ಹಿಂದಿನ ಬೇರಿಂಗ್ ಎಂದರು, ಅದೂ ಆಯಿತು. ಹಣ ಹೋಯಿತು, ನಡುಕ ಹೋಗಲಿಲ್ಲ.

ಬೀದರ್‌ನಿಂದ:
ಇನ್ನು ಯಾವ ಸಾಮಾನನ್ನೂ ಕೊಳ್ಳಬೇಡಿ ಅಣ್ಣಾವರೇ. ಖಾಲಿ, ನೇರ ರಸ್ತೆಯಲ್ಲಿ ನಡುಕ ಶುರುವಾದ ಕೂಡಲೇ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಕೀಲಿಗೆ ಮಾತ್ರ ಕೈ ಹಾಕಬೇಡಿ, ಸ್ಟೀರಿಂಗ್ ಲಾಕ್ ಆದೀತು. ಇಂಜಿನ್‌ನ ವೇಗ ಇಳಿದ ಮೇಲೂ ನಡುಕ ಹಾಗೆಯೇ ಉಳಿದರೆ ಇಂಜಿನ್ ನಿರಪರಾಧಿ. ಅದೇ 55ರಲ್ಲಿ ಮೂರನೇ ಗೇರ್, ನಾಲ್ಕನೇ ಗೇರ್ ಎರಡರಲ್ಲೂ ನೋಡಿ. ಗಾಡಿ ನಿಂತಿರುವಾಗ ಮೂರು ಸಿಲಿಂಡರಿನ ಇಂಜಿನ್ ನಡುಗುವುದು ಅದರ ಹುಟ್ಟುಗುಣ, ಆ ಲೆಕ್ಕ ಬೇರೆ. ಇನ್ನೊಂದು ಮಾತು: ಇದು ಶುರುವಾಗುವ ಮೊದಲು ಗಾಡಿಯ ಕೆಳಗೆ ಯಾವ ಕೆಲಸ ಆಗಿತ್ತು?

ಯಾದಗಿರಿಯಿಂದ:
ಮಳೆಯಲ್ಲಿ ಹೊಲದ ದಾರಿ ಹಿಡಿದಿದ್ದಿರಾ? ನನ್ನ ಗಾಡಿಯ ರಿಮ್ಮಿನ ಒಳಮೈಗೆ ಎರೆಮಣ್ಣು ಹತ್ತಿ, ಒಣಗಿ ಇಟ್ಟಿಗೆಯಾಗಿತ್ತು. ಚಕ್ರದ ತೂಕವೇ ಒಂದು ಕಡೆಗೆ ವಾಲಿತ್ತು. ಕೆರೆದು ತೆಗೆಯಲು ಖರ್ಚಿಲ್ಲವಲ್ಲ, ಅದನ್ನೂ ನೋಡಿಬಿಡಿ.

ಕಲಬುರಗಿಯಿಂದ:
ಮಣ್ಣು ಇತ್ತು, ಮುಂದಿನ ಎಡಚಕ್ರದಲ್ಲಿ ಅಂಗೈಯಷ್ಟು. ತೆಗೆದ ಮೇಲೆ ಸ್ಟೀರಿಂಗ್ ಶಾಂತವಾಯಿತು, ಕಾಲಡಿಯ ನಡುಕ ಹಾಗೆಯೇ ಇದೆ. ನ್ಯೂಟ್ರಲ್‌ನಲ್ಲೂ ಇದೆ, ಎರಡೂ ಗೇರ್‌ಗಳಲ್ಲೂ ಇದೆ. ನಾಲ್ಕು ಚೀಲ ಹೇರಿದರೆ ನಡುಕದ ಬಗೆಯೇ ಬದಲಾಗುತ್ತದೆ. ಮತ್ತೆ, ಹೌದು, ಅದಕ್ಕೂ ಸ್ವಲ್ಪ ಮೊದಲು ಕ್ಲಚ್ ಪ್ಲೇಟ್ ಬದಲಿಸಿದ್ದೆ. ಹೇಳಲು ಮರೆತಿದ್ದೆ.

ಬೀದರ್‌ನಿಂದ:
ಅದನ್ನೇ ಮೊದಲು ಹೇಳಬೇಕಿತ್ತು! ಓಮ್ನಿಯಲ್ಲಿ ಇಂಜಿನ್ ಮುಂದಿನ ಸೀಟಿನ ಕೆಳಗೆ, ಓಡುವುದು ಹಿಂದಿನ ಚಕ್ರ. ನಡುವೆ ಶಕ್ತಿ ಒಯ್ಯುವುದು ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ತಿರುಗುವ ದಂಡ. ಕ್ಲಚ್ ಪ್ಲೇಟ್ ಹಾಕಲು ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೆ ಮೊದಲು ಆ ಶಾಫ್ಟ್ ಬಿಚ್ಚಬೇಕು. ಬಿಚ್ಚುವ ಮುನ್ನ ಹಿಂದಿನ ಫ್ಲ್ಯಾಂಜ್‌ಗೆ (ಶಾಫ್ಟನ್ನು ಬೋಲ್ಟ್ ಹಾಕಿ ಕೂರಿಸುವ ಬಿಲ್ಲೆಗೆ) ಗುರುತು ಹಾಕದೆ, ಮರಳಿ ಕೂರಿಸುವಾಗ ಸಿಕ್ಕ ತೂತಿಗೆ ಬೋಲ್ಟ್ ಹಾಕಿದರೆ ಸಮತೋಲ ತಪ್ಪಬಹುದು. ಭಾರ ಹೇರಿದಾಗ ಹಿಂಭಾಗ ಕುಸಿದು ಶಾಫ್ಟಿನ ಕೋನ ಬದಲಾಗುತ್ತದೆ, ನಡುಕ ಬದಲಾಗುವುದು ಅದಕ್ಕೇ. ಹೊರಡುವಾಗಿನ ಟಕ್ ಕ್ರಾಸ್‌ನದ್ದು, ಅಂದರೆ ಶಾಫ್ಟಿನ ತುದಿಯ ಕೀಲಿನದ್ದು ಇರಬೇಕು. ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ತೆಗೆದು, ಶಾಫ್ಟನ್ನು ಕೈಯಿಂದ ಹಿಂದೆ ಮುಂದೆ ತಿರುಚಿ ನೋಡಿ. ಕ್ರಾಸ್‌ನ ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಅದರ ಆಯುಷ್ಯ ಮುಗಿದಿದೆ. ಜಾಕ್ ಒಂದನ್ನೇ ನಂಬಿ ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಇಡಿ.

ಕಲಬುರಗಿಯಿಂದ, ನಾಲ್ಕು ದಿನಗಳ ನಂತರ:
ಗೇರ್‌ಬಾಕ್ಸ್ ಕಡೆಯ ಕ್ರಾಸ್‌ನಲ್ಲಿ ಕೆಂಪು ಪುಡಿ ಕಂಡಿತು. ಈ ಸಲ ಗುರುತು ಹಾಕಿಸಿಯೇ ಶಾಫ್ಟ್ ಬಿಚ್ಚಿಸಿದೆ, ಎರಡೂ ಕ್ರಾಸ್ ಹೊಸದಾದವು. ಟಕ್ ನಿಂತಿತು, ಗುಂಯ್ ಉಳಿಯಿತು. ಫ್ಲ್ಯಾಂಜನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದಾಗ ಅದೂ ಹೋಯಿತು. ಕಟ್ಟಿಸಂಗಾವಿಯ ಭೀಮಾ ಸೇತುವೆಯವರೆಗೆ 60ರಲ್ಲೇ ಹೋಗಿ ಬಂದೆ.

ಬೀದರ್‌ನಿಂದ:
ಶಾಫ್ಟ್ ಎಳೆದಾಗ ಗೇರ್‌ಬಾಕ್ಸ್ ಎಣ್ಣೆ ಸುರಿದಿರುತ್ತದೆ. ಮಟ್ಟ ನೋಡಿಸಿದಿರಾ?

ಕಲಬುರಗಿಯಿಂದ:
ಇಲ್ಲ! ನಾಳೆ ಬೆಳಿಗ್ಗೆಯೇ ನೋಡಿಸುತ್ತೇನೆ. ಈಗ ಹಿಂದಿನಿಂದ ಟಣ್ ಟಣ್ ಎನ್ನುವ ಹೊಸ ಸದ್ದೊಂದು ಕೇಳಿಸಿ ಎದೆ ಝಲ್ಲೆಂದಿತ್ತು. ಸೀಟಿನ ಕೆಳಗೆ ಉರುಳಾಡುತ್ತಿದ್ದ ಜಾಕಿನ ಹಿಡಿಕೆ.