ಪದಚರ್ಚೆ: ಕ್ಲೀನ್‌ರೂಮಿನ 'ಕ್ಲಾಸ್' ಅಂದರೆ ದರ್ಜೆಯೋ?

ಬಳಗದವರಿಗೆ ನಮಸ್ಕಾರ. ಬೆಳಗಾವಿ ಉದ್ಯಮಬಾಗದ ಒಂದು ಘಟಕಕ್ಕೆ ರೋಬೋಟ್ ಜೋಡಣೆ ಲೈನಿನ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಲೈನ್ ಇರುವುದು ಕ್ಲೀನ್‌ರೂಮಿನಲ್ಲಿ, ಅಂದರೆ ಗಾಳಿಯ ಕಣಗಳನ್ನು ಮಿತಿಯಲ್ಲಿಟ್ಟ ಕೋಣೆಯಲ್ಲಿ; ಆ ಗಾಳಿ ಎಷ್ಟು ಶುದ್ಧ ಎಂಬುದನ್ನು 'ಕ್ಲಾಸ್' ಹೇಳುತ್ತದೆ. 'ಐಎಸ್‌ಒ ಕ್ಲಾಸ್ 5'ಕ್ಕೆ '5ನೇ ದರ್ಜೆ', 'ಅಟ್ ರೆಸ್ಟ್'ಗೆ 'ವಿಶ್ರಾಂತ ಸ್ಥಿತಿ', 'ಆಪರೇಷನಲ್'ಗೆ 'ಕಾರ್ಯನಿರತ ಸ್ಥಿತಿ' ಎಂದಿಟ್ಟಿದ್ದೇವೆ. ನಡೆದೀತೆ?

— ಉತ್ತರ —

'ದರ್ಜೆ' ಬೇಡ್ರಿ ಸರ. 5ನೇ ದರ್ಜೆ ಅಂದರೆ ಕಳಪೆ ಅನಿಸುತ್ತದೆ; ನಮ್ಮ ಕಡೆ ಐದು, ಎಂಟು ಅಂದರೆ ಶಾಲೆಯ ಇಯತ್ತೆ (ತರಗತಿ), ಎಂಟೇ ಮೇಲು. ಇಲ್ಲಿ ಅಂಕಿ ಇಳಿದಷ್ಟೂ ಗಾಳಿ ಶುದ್ಧ. ಒಂದು ಘನ ಮೀಟರ್ ಗಾಳಿಯಲ್ಲಿ 0.5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳಿಗೆ ಕ್ಲಾಸ್ 5ರ ಮಿತಿ 3,520, ಕ್ಲಾಸ್ 7ರದು 3,52,000, ಕ್ಲಾಸ್ 8ರದು 35,20,000. 'ಕ್ಲಾಸ್' ಹಾಗೇ ಇರಲಿ, ಪಕ್ಕದಲ್ಲಿ ಈ ಮಿತಿ ಬರೆಯಿರಿ. ಹಳೇ ಕ್ಯಾಟಲಾಗಿನ 'ಕ್ಲಾಸ್ 100' ಅಂದರೆ ಈಗಿನ 5, 'ಕ್ಲಾಸ್ 10,000' ಅಂದರೆ 7. ಆ ಹಳೇ ಅಂಕಿಗಳು ಬಂದ ಅಮೆರಿಕನ್ ಮಾನಕ 2001ರಲ್ಲೇ ರದ್ದಾಗಿದೆ, ಆದರೂ ಮಾರುವವರ ಬಾಯಲ್ಲಿ ಇನ್ನೂ ಇದೆ.

ನಿಜವಾದ ತೊಡಕು 'ವಿಶ್ರಾಂತ'ದಲ್ಲಿ. ಓದಿದವರು ಯಂತ್ರ ಬಂದ್ ಅಂದುಕೊಳ್ಳುತ್ತಾರೆ. ಕ್ಲೀನ್‌ರೂಮಿನ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 14644-1ರಲ್ಲಿ ಅಟ್ ರೆಸ್ಟ್ ಅಂದರೆ ಯಂತ್ರ ಕೂಡಿಸಿ, ಒಪ್ಪಿಕೊಂಡಂತೆ ಓಡುತ್ತಿದ್ದು, ಒಳಗೆ ಜನ ಇಲ್ಲದಿರುವುದು. 'ಜನರಿಲ್ಲದಾಗ', 'ಕೆಲಸ ನಡೆವಾಗ' ಅನ್ನಿ. ಕೋಣೆಯ ಕ್ಲಾಸ್ ಹೇಳುವಾಗ ಅದು ಯಾವ ಸ್ಥಿತಿಯದೆಂದೂ ಜೊತೆಗೆ ಬರೆಯಬೇಕು, ಎರಡೂ ಒಂದೇ ಅಲ್ಲ. ಜನ ಬಂದರೆ ಬಟ್ಟೆ, ಚರ್ಮದ ಕಣ. ಯಂತ್ರ ಪೂರ್ತಿ ವೇಗದಲ್ಲಿ ಓಡಿದರೆ ಬೆಲ್ಟಿನ ಸವಕಳಿ, ಕೇಬಲ್ ಚೈನಿನ ತಿಕ್ಕಾಟ, ಬೇರಿಂಗ್ ಗ್ರೀಸಿನ ಹನಿ. ನ್ಯೂಮ್ಯಾಟಿಕ್ (ಒತ್ತಿದ ಗಾಳಿಯಿಂದ ಓಡುವ) ಸಿಲಿಂಡರಿನ ಎಕ್ಸಾಸ್ಟ್ ಅಂತೂ ಎಣ್ಣೆಯ ತುಂತುರನ್ನೇ ಊದಬಹುದು. ಪೈಪ್ ಹಾಕಿ ಹೊರಗೆ ಬಿಡದಿದ್ದರೆ ಮೇಲಿನ ಹೆಪಾ ಫಿಲ್ಟರ್ (ಗಾಳಿಯ ಸಣ್ಣ ಕಣ ಹಿಡಿಯುವ ಜರಡಿ) ಎಷ್ಟು ಒಳ್ಳೆಯದಿದ್ದರೂ ವ್ಯರ್ಥ.

'ಕ್ಲಾಸ್ 5 ರೋಬೋಟ್' ಅಂತಲೂ ಬರೆಯಬೇಡಿ. 'ಕ್ಲಾಸ್ 5ಕ್ಕೆ ಒಗ್ಗುವ ರೋಬೋಟ್' ಸರಿ. ಯಂತ್ರದ ಯೋಗ್ಯತೆ ನೋಡಲು 14644-14 ಎಂಬ ಬೇರೆ ಭಾಗವೇ ಇದೆ, ಯಂತ್ರ ತಂದಿಟ್ಟ ಮಾತ್ರಕ್ಕೆ ಕೋಣೆ ಕ್ಲಾಸ್ 5 ಆಗದು. ಇಡೀ ಕೋಣೆಯನ್ನು 5ಕ್ಕೆ ತರುವುದು ದುಡ್ಡಿನ ಹೊಳೆ. ಬಿಡಿಭಾಗ ತೆರೆದಿರುವ ಜಾಗಕ್ಕಷ್ಟೇ ಮೇಲಿಂದ ಗಾಳಿ ಇಳಿಯುವ ಹುಡ್ ಕಟ್ಟಿ, ಸುತ್ತಲೂ 7 ಅಥವಾ 8 ಇಟ್ಟರೆ ಬಹಳ ಕಡೆ ಸಾಕು.

ಹೆಪಾ, ಪ್ಯಾಸ್ಕಲ್ (ಒತ್ತಡದ ಅಳತೆ), ಪಾರ್ಟಿಕಲ್ ಕೌಂಟರ್ (ಕಣ ಎಣಿಸುವ ಯಂತ್ರ) ಈ ಪದಗಳಿಗೆ ಕೈ ಹಚ್ಚಬೇಡಿ. ಆಪರೇಟರ್ ದಿನಾ ಅನ್ನುವ ಮಾತು ಅವು.